ಅಟ್ಟಕ್ಕೆ ಮಡಚುವ ಏಣಿ: ಹಂಚಿನ ಮನೆಯೊಳಗೆ ಮಾಡಿದ ಕೆಲಸದ ವಿವರ

ಮಳೆನಾಡಿನಲ್ಲಿ ಹಂಚಿನ ಮಾಡನ್ನು ಕಾಪಾಡಿಕೊಳ್ಳಬೇಕೆಂದರೆ ಅದನ್ನು ಒಳಗಿನಿಂದ ನೋಡಲು ಸಾಧ್ಯವಾಗಬೇಕು. ಹಾಗೆ ನೋಡಲು ಇರುವ ಒಂದೇ ಜಾಗ ಅಟ್ಟ. ಕೊಡಗಿನ ಎಷ್ಟೋ ಹಳೆಯ ಮನೆಗಳಲ್ಲಿ ಅಟ್ಟವೇನೋ ವಿಶಾಲವಾಗಿದೆ, ಹತ್ತುವ ದಾರಿ ಮಾತ್ರ ಕಷ್ಟದ್ದು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಪೂರ್ತಿ ಬಿಡುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಇಂಥ ಮಳೆಯಲ್ಲಿ ಒಂದು ಹಂಚು ಎರಡು ಇಂಚು ಕೆಳಕ್ಕೆ ಜಾರಿದರೆ ನೀರು ಹಂಚು ಕೂರುವ ಅಡ್ಡಪಟ್ಟಿಯಾದ ರೀಪಿನ ಮೇಲೆ ಬಿದ್ದು, ರೀಪನ್ನು ಹೊರುವ ಇಳಿಜಾರು ಮರವಾದ ಪಕಾಸಿನ ಗುಂಟ ಇಳಿದು, ಗೋಡೆಯ ತಲೆಯನ್ನು ಸೇರುತ್ತದೆ. ಕೆಳಗೆ ಮುಚ್ಚಿಗೆಯ ಹಲಗೆಯಲ್ಲಿ ಕಲೆ ಕಾಣಿಸುವ ಹೊತ್ತಿಗೆ ಮಣ್ಣಿನ ಗೋಡೆ ಸಾಕಷ್ಟು ನೀರು ಕುಡಿದಿರುತ್ತದೆ. ಹಾಗಾಗಿ ಮನೆಯೊಳಗಿನಿಂದಲೇ, ರಾತ್ರಿಯಾದರೂ ಮಳೆಯಾದರೂ, ಅರವತ್ತು ದಾಟಿದವರೂ ಹತ್ತಬಹುದಾದ ದಾರಿಯೊಂದು ಅಟ್ಟಕ್ಕೆ ಇರಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದನ್ನು ನಮ್ಮ ಮನೆಯಲ್ಲಿ ಹೇಗೆ ಮಾಡಿದೆವು ಎನ್ನುವುದನ್ನು ಅಳತೆ ಸಮೇತ ಬರೆಯುತ್ತಿದ್ದೇನೆ.

ನಮ್ಮ ಮನೆ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ನಡುವೆ ಇದೆ. ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆಯ, ಮಂಗಳೂರು ಹಂಚಿನ ಮನೆ. ಅಟ್ಟಕ್ಕೆ ಹೋಗಲು ಇದ್ದದ್ದು ಹೊರಗಿನ ದಾರಿ: ಮನೆಯ ಪಕ್ಕದ ತ್ರಿಕೋನ ಗೋಡೆಯಲ್ಲಿ ಕಿಟಕಿಯಂಥ ಬಾಗಿಲು, ಅದಕ್ಕೆ ಒರಗಿಸಿದ ಬಿದಿರಿನ ಏಣಿ. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಮಳೆಗಾಲದಲ್ಲಿ ಏಣಿಗೆ ಪಾಚಿ, ಅಂಗಳಕ್ಕೆ ಪಾಚಿ, ಬಾಗಿಲು ಉಬ್ಬಿ ತೆರೆಯಲಾಗದು. ಅಂದರೆ ಅಟ್ಟದ ಅಗತ್ಯ ಹೆಚ್ಚಾಗಿರುವ ತಿಂಗಳುಗಳಲ್ಲೇ ಅದರ ದಾರಿ ಮುಚ್ಚಿಹೋಗುತ್ತಿತ್ತು.

ಮೊದಲು ಬೇರೆ ಉಪಾಯಗಳನ್ನೂ ನೋಡಿದೆವು. ಅಮೆರಿಕದ ಮನೆಗಳಲ್ಲಿ ಮೂರು ಮಡಿಕೆಯ ಏಣಿ ಅಟ್ಟದ ಮುಚ್ಚಳಕ್ಕೇ ಜೋಡಿಸಿಕೊಂಡು ಬರುತ್ತದೆ. ದಾರ ಎಳೆದರೆ ಇಳಿಯುತ್ತದೆ. ಅಲ್ಲಿನ ಮನೆ ಕಟ್ಟುವ ಸಂಹಿತೆ ಅಟ್ಟದ ಕಿಂಡಿಗೆ ಕನಿಷ್ಠ 22 ಇಂಚು ಅಗಲ, 30 ಇಂಚು ಉದ್ದ ಇರಬೇಕೆಂದು ಹೇಳುತ್ತದೆ. ಒಬ್ಬ ಮನುಷ್ಯ ನುಸುಳಲು ಬೇಕಾದ ಅಳತೆ ಅದು. ಕೈಯಲ್ಲಿ ಬುಟ್ಟಿಯೋ ಹಂಚೋ ಹಿಡಿದವನಿಗೆ ಸಾಲದು. ಅಂಥದೇ ಅಲ್ಯೂಮಿನಿಯಂ ಏಣಿಗಳು ನಮ್ಮಲ್ಲೂ ಸಿಗುತ್ತವೆ. ಆದರೆ ಅವು ತೆಳ್ಳಗಿನ ಮರದ ಚೌಕಟ್ಟಿನ ಮನೆಗಳಿಗೆಂದು ಹುಟ್ಟಿದವು, ಮೆಟ್ಟಿಲು ಕಿರಿದು, ಬರಿಗಾಲಿಗೆ ನೋವು. ಕಾಯಂ ಮೆಟ್ಟಿಲು ಕಟ್ಟಿದರೆ ನಡುಮನೆಯ ಕಾಲುಭಾಗವನ್ನು ಅದೇ ನುಂಗುತ್ತದೆ. ಕೊನೆಗೆ ಉಳಿದದ್ದು ಮರದ್ದೇ ಏಣಿ, ಮೇಲ್ತುದಿಯಲ್ಲಿ ತಿರುಗುವ ಕೀಲು, ಎತ್ತಲು ನೆರವಾಗುವ ಎದುರು ತೂಕ.

ಜಾಗ ಆರಿಸುವಾಗ ಎಲ್ಲರೂ ಕೆಳಗಿನ ಕೋಣೆಯನ್ನು ನೋಡುತ್ತಾರೆ. ನೋಡಬೇಕಾದದ್ದು ಮೇಲೆ. ಹತ್ತಿ ಬಂದವನು ನೆಟ್ಟಗೆ ನಿಲ್ಲುವಷ್ಟು ಎತ್ತರ ಮಾಡಿನ ನೆತ್ತಿಯ ಕೆಳಗೆ ಮಾತ್ರ ಇರುತ್ತದೆ. ನಮ್ಮ ಮಾಡಿನ ಇಳಿಜಾರು 30 ಡಿಗ್ರಿಯಷ್ಟು. ನೆತ್ತಿಯ ಕೆಳಗೆ ಏಳು ಅಡಿಗೆ ಹತ್ತಿರ ಎತ್ತರ ಸಿಗುತ್ತದೆ, ಅಲ್ಲಿಂದ ಸೂರಿನ ಕಡೆಗೆ ಐದು ಅಡಿ ಸರಿದರೆ ನಾಲ್ಕು ಅಡಿಗೆ ಇಳಿಯುತ್ತದೆ. ನೆತ್ತಿ ಇರುವುದು ಮನೆಯ ನಡುಗೋಡೆಯ ಮೇಲೆ. ಆದ್ದರಿಂದ ಏಣಿಯ ತಲೆ ನಡುಗೋಡೆಯ ಪಕ್ಕಕ್ಕೆ, ಕಾಲು ಹೊರಗೋಡೆಯ ಕಡೆಗೆ ಎಂದು ನಿರ್ಧಾರವಾಯಿತು.

ನಡುಮನೆ 12 ಅಡಿ ಅಗಲ. ಅಷ್ಟಗಲಕ್ಕೆ ಹೆಬ್ಬಲಸಿನ ತೊಲೆಗಳು ಕೂತಿವೆ, 4 ಇಂಚು ದಪ್ಪ, 6 ಇಂಚು ಎತ್ತರ. ಎರಡು ತೊಲೆಗಳ ನಡುವೆ 26 ಇಂಚು ಖಾಲಿ ಜಾಗ. ತೊಲೆಗಳ ಮೇಲೆ ಅಡ್ಡಡ್ಡ ಹಾಕಿದ ಒಂದಿಂಚಿನ ಹಲಗೆಯೇ ಕೆಳಗಿನವರಿಗೆ ಮುಚ್ಚಿಗೆ, ಮೇಲಿನವರಿಗೆ ನೆಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಕಿಂಡಿ ದೊಡ್ಡದಾಗಲಿ ಎಂದು ತೊಲೆಯನ್ನು ಕತ್ತರಿಸಬಾರದು. ಕತ್ತರಿಸಲೇಬೇಕಾದರೆ ಅದರ ಭಾರವನ್ನು ಪಕ್ಕದ ತೊಲೆಗಳಿಗೆ ದಾಟಿಸುವ ಅಡ್ಡತೊಲೆ ಕೊಡಬೇಕು, ಆ ಪಕ್ಕದ ತೊಲೆಗಳನ್ನೂ ಬಲಪಡಿಸಬೇಕು. ಅದು ಬಲ್ಲ ಬಡಗಿಯ ಕೆಲಸ. ಮಣ್ಣಿನ ಗೋಡೆಯ ಮನೆಯಲ್ಲಿ ತೊಲೆಗಳು ಎದುರುಬದುರು ಗೋಡೆಗಳನ್ನು ಹಿಡಿದು ನಿಲ್ಲಿಸುವ ಕೆಲಸವನ್ನೂ ಮಾಡುತ್ತಿರುತ್ತವೆ. ನಮಗೆ 26 ಇಂಚು ಸಿಕ್ಕಿದ್ದರಿಂದ ಹಲಗೆ ಮಾತ್ರ ಕತ್ತರಿಸಿದರೆ ಸಾಕಾಯಿತು. ಹಲಗೆಗಳು ತೊಲೆಗೆ ಅಡ್ಡಲಾಗಿ ಹಾಯ್ದಿರುವುದರಿಂದ, ತೊಲೆಯ ಒಳ ಅಂಚಿಗೆ ಸರಿಯಾಗಿ ಕತ್ತರಿಸಿದಾಗ ಉಳಿದ ತುದಿಗಳು ನಾಲ್ಕಿಂಚು ಅಗಲದ ತೊಲೆಯ ಮೇಲೇ ಕೂತಿರುತ್ತವೆ, ಬೇರೆ ಆಧಾರ ಬೇಡ.

ಕತ್ತರಿಸುವ ಮೊದಲು ತೊಲೆಗಳನ್ನು ಪರೀಕ್ಷಿಸಿದೆವು. ಚೂಪು ದಬ್ಬಳದಿಂದ ಅಡಿಗಡಿಗೆ ಚುಚ್ಚುತ್ತಾ ಹೋಗುವುದು. ಗಟ್ಟಿ ಮರದಲ್ಲಿ ದಬ್ಬಳದ ಮೊನೆ ಒಂದು ನೂಲಿಗಿಂತ (ಇಂಚಿನ ಎಂಟನೇ ಒಂದು ಭಾಗ) ಹೆಚ್ಚು ಇಳಿಯುವುದಿಲ್ಲ. ಗೆದ್ದಲು ಹಿಡಿದದ್ದಾದರೆ ತಡೆಯೇ ಇಲ್ಲದೆ ಒಳಗೆ ಹೋಗುತ್ತದೆ. ಗೋಡೆಯೊಳಗೆ ಸೇರುವ ತುದಿಗಳನ್ನು ಮರೆಯದೆ ಚುಚ್ಚಬೇಕು, ತೇವ ಕುಳಿತುಕೊಳ್ಳುವುದು ಅಲ್ಲೇ. ನಮ್ಮವು ಎಲ್ಲ ಗಟ್ಟಿ ಇದ್ದವು. ಹೆಬ್ಬಲಸು ಎಂಥ ಮರ ಎನ್ನುವುದನ್ನು ಅದು ಹೊರುತ್ತಾ ಬಂದ ಇಷ್ಟು ವರ್ಷಗಳೇ ಹೇಳುತ್ತವೆ.

ಕೆಲಸಕ್ಕೆ ಆರಿಸಿಕೊಂಡದ್ದು ಕಾಫಿ ಮತ್ತು ಮೆಣಸಿನ ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಯೂ ಬಿದ್ದು ಹೋದ ಬಿಸಿಲಿನ ದಿನಗಳನ್ನು. ಆಗ ಮರ ತನ್ನ ಒಣ ಅಳತೆಯಲ್ಲಿರುತ್ತದೆ. ಮಳೆಗಾಲದಲ್ಲಿ ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಗಲಕ್ಕೆ ಉಬ್ಬುತ್ತದೆ. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ ಮುಚ್ಚಳ ಜುಲೈಯಲ್ಲಿ ತೆರೆಯುವುದಿಲ್ಲ. ಹೀಗಾಗಿ ಮುಚ್ಚಳದ ಸುತ್ತ ಎರಡು ನೂಲು, ಅಂದರೆ ಕಾಲು ಇಂಚು, ಸಂದು ಬಿಡಲೇಬೇಕು.

ಅಳತೆಯ ಲೆಕ್ಕ ಹೀಗಿದೆ. ಕೆಳಗಿನ ನೆಲದಿಂದ ಅಟ್ಟದ ಹಲಗೆಯ ಮೇಲ್ಮೈವರೆಗೆ 9 ಅಡಿ 6 ಇಂಚು, 114 ಇಂಚು. ಕೀಲು ಕೂರುವುದು ತೊಲೆಯ ನಡು ಎತ್ತರದಲ್ಲಿ, ನೆಲದಿಂದ 110 ಇಂಚಿಗೆ. ಗೋಡೆಗೆ ಒರಗಿಸುವ ಸಾಮಾನ್ಯ ಏಣಿಗೆ ಎತ್ತರದ ಕಾಲುಭಾಗದಷ್ಟು ದೂರದಲ್ಲಿ ಕಾಲು ಇಡುವುದು ಕ್ಷೇಮ ಎನ್ನುತ್ತಾರೆ. ಅದು ಸುಮಾರು 75 ಡಿಗ್ರಿ. ಅಷ್ಟು ಕಡಿದಾದ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದೇ ಹತ್ತಬೇಕು, ಸಾಮಾನು ತರಲಾಗದು. ನಾವು ಎತ್ತರದ ಅರ್ಧದಷ್ಟು ದೂರ ತೆಗೆದುಕೊಂಡೆವು, 55 ಇಂಚು. ಓರೆ 63 ಡಿಗ್ರಿ ಚಿಲ್ಲರೆ. ಏಣಿಯ ಉದ್ದ 123 ಇಂಚು, ಅಂದರೆ 10 ಅಡಿ 3 ಇಂಚು. ಕೀಲನ್ನು ನಡುಗೋಡೆಯಿಂದ ಒಂದೂವರೆ ಅಡಿ ಈಚೆಗೆ ಇಟ್ಟಾಗ, ಮಡಚಿದ ಏಣಿ ಎರಡು ತೊಲೆಗಳ ನಡುವಿನ ಸಂದಿನೊಳಗೇ ಪೂರ್ತಿ ಅಡಗಿ, ಹೊರಗೋಡೆಯ ಕಡೆ ಮೂರಿಂಚು ಮಿಗುತ್ತದೆ. ನಿಮ್ಮ ಮನೆಗೆ ಲೆಕ್ಕ ಹಾಕುವಾಗ ಕೀಲಿನ ಎತ್ತರವನ್ನು 1.12ರಿಂದ ಗುಣಿಸಿದರೆ ಈ ಓರೆಗೆ ಏಣಿಯ ಉದ್ದ ಸಿಗುತ್ತದೆ. ಆ ಉದ್ದ ತೊಲೆಗಳ ಸಂದಿನಲ್ಲಿ ಹಿಡಿಸುತ್ತದೆಯೇ ಎಂದು ನೋಡಿಕೊಂಡೇ ಮುಂದಿನ ಮಾತು.

114 ಇಂಚನ್ನು 12 ಸಮಭಾಗ ಮಾಡಿದರೆ ಒಂದೊಂದು ಹೆಜ್ಜೆಗೆ ಒಂಬತ್ತೂವರೆ ಇಂಚು. ಮೆಟ್ಟಿಲು ಹಲಗೆ 11, ಹನ್ನೆರಡನೆಯ ಹೆಜ್ಜೆ ಅಟ್ಟಕ್ಕೇ. ಹೆಜ್ಜೆಗಳು ಸಮ ಇರುವುದು ಬಹಳ ಮುಖ್ಯ. ಕತ್ತಲಲ್ಲಿ ಇಳಿಯುವಾಗ ಕಾಲು ಮೊದಲ ಎರಡು ಹೆಜ್ಜೆಗಳ ಎತ್ತರವನ್ನು ನೆನಪಿಟ್ಟುಕೊಂಡು ಮೂರನೆಯದನ್ನು ಹುಡುಕುತ್ತದೆ. ಅರ್ಧ ಇಂಚಿನ ವ್ಯತ್ಯಾಸವೂ ಎಡವಿಸುತ್ತದೆ. ನಮ್ಮೂರಿನ ಬಡಗಿ ಆಚಾರರು ಇದಕ್ಕೆ ಟೇಪು ಮುಟ್ಟಲಿಲ್ಲ. ನೇರವಾದ ರೀಪು ಒಂದನ್ನು ನೆಲದ ಮೇಲೆ ನಿಲ್ಲಿಸಿ, ಅಟ್ಟದ ಹಲಗೆಯ ಮಟ್ಟಕ್ಕೆ ಗೀಟು ಹಾಕಿ, ಕೈವಾರದಿಂದ ಹನ್ನೆರಡು ಭಾಗ ಮಾಡಿಕೊಂಡರು. "ಅಣ್ಣ, ಟೇಪಿನಲ್ಲಿ ಹನ್ನೊಂದು ಸಲ ಓದಿದರೆ ಹನ್ನೊಂದು ಸಲ ಕಣ್ಣು ತಪ್ಪಬಹುದು. ಕೋಲಿನಲ್ಲಿ ಒಮ್ಮೆ ಭಾಗ ಮಾಡಿದರೆ ಮುಗಿಯಿತು" ಎಂದರು. ಆ ಕೋಲನ್ನು ಏಣಿಯ ಕಾಲಿನ ಪಕ್ಕ ಓರೆಗೆ ತಕ್ಕಂತೆ ಹಿಡಿದು, ಮೂಲೆಮಟ್ಟದಿಂದ ಗೀಟು ದಾಟಿಸಿದರು. ಎರಡು ಕಾಲುಗಳನ್ನೂ ಜೋಡಿಸಿಟ್ಟು ಒಟ್ಟಿಗೇ ಗುರುತು ಹಾಕಿದ್ದರಿಂದ ಎಡಬಲ ಮಟ್ಟ ತಪ್ಪುವ ಪ್ರಶ್ನೆಯೇ ಬರಲಿಲ್ಲ.

ಮರದ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ, ಹಗುರ, ಕಡಿಯಲು ಅನುಮತಿಯ ತೊಡಕೂ ಇಲ್ಲ. ಆದರೆ ಮನುಷ್ಯರ ಭಾರ ಹೊರುವ ಏಣಿಗೆ ನಾನು ಅದನ್ನು ಒಪ್ಪುವುದಿಲ್ಲ. ಗಂಟುಗಳು ಹೆಚ್ಚು, ಕೊರೆಯುವ ಹುಳು ಬೇಗ ಬೀಳುತ್ತದೆ, ಹುಳು ಒಳಗೆ ತಿಂದದ್ದು ಹೊರಗೆ ಕಾಣುವುದಿಲ್ಲ. ಕಾಲುಗಳಿಗೆ ನಂದಿ ಮರ ತಂದೆವು, 4 ಇಂಚು ಅಗಲ, ಒಂದೂವರೆ ಇಂಚು ದಪ್ಪ, ಕುಶಾಲನಗರದ ಮಿಲ್ಲಿನಲ್ಲಿ ನಾರು ನೇರ ಇರುವುದನ್ನು ನಿಂತು ಆರಿಸಿ. ಏಣಿಯ ಕಾಲಿನಲ್ಲಿ ನಾರು ಓರೆಯಾಗಿ ಅಂಚಿಗೆ ಹೊರಬಿದ್ದಿದ್ದರೆ ಆ ತುಂಡನ್ನು ಬಿಟ್ಟುಬಿಡಿ, ಬೆಲೆ ಎಷ್ಟೇ ಕಡಿಮೆ ಇರಲಿ. ಮುರಿಯುವುದು ಆ ಗೆರೆಯಲ್ಲೇ. ಮೆಟ್ಟಿಲುಗಳಿಗೆ ಹಳೆಯ ದನದ ಕೊಟ್ಟಿಗೆ ಬಿಚ್ಚಿದಾಗ ಉಳಿದಿದ್ದ ಹಲಸಿನ ಹಲಗೆಗಳಿದ್ದವು. ತೋಪಡ ಹಾಕಿದ ಕೂಡಲೇ ಮಾಸಲು ಬೂದಿಬಣ್ಣದ ಅಡಿಯಿಂದ ಅರಿಸಿನದ ಹಳದಿ ಎದ್ದು ಬಂತು. ಎಷ್ಟು ಹಳೆಯ ಹಲಸಾದರೂ ಒಳಗೆ ಆ ಬಣ್ಣ ಉಳಿದೇ ಇರುತ್ತದೆ. ಹಲಗೆಯ ಅಗಲ 6 ಇಂಚು, ದಪ್ಪ ಒಂದಿಂಚು.

ಜೋಡಣೆಯಲ್ಲಿ ವಿಶೇಷವೇನಿಲ್ಲ. ಕಾಲುಗಳ ಒಳಬದಿಯಲ್ಲಿ ಅರ್ಧ ಇಂಚು ಆಳದ ತೋಡು ತೆಗೆದು ಹಲಗೆಯ ತುದಿಯನ್ನು ಅದರೊಳಗೆ ಕೂರಿಸಿ, ಹೊರಗಿನಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ಭಾರ ಹೊರುವುದು ತೋಡು, ಸ್ಕ್ರೂ ಹಿಡಿದಿಡುವುದಕ್ಕೆ ಮಾತ್ರ. ಮೇಲೆ, ನಡುವೆ, ಕೆಳಗೆ ಮೆಟ್ಟಿಲಿನ ಅಡಿಯಲ್ಲಿ ಉದ್ದಕ್ಕೂ ತಿರುಪಿನ ಗೆರೆ ಇರುವ ಕಬ್ಬಿಣದ ಸರಳು ಹಾಯಿಸಿ ಎರಡೂ ಕಡೆ ನಟ್ಟು ಬಿಗಿದಿದ್ದೇವೆ, ಕಾಲುಗಳು ಅಗಲವಾಗದಂತೆ. ಏಣಿಯ ಹೊರ ಅಗಲ 22 ಇಂಚು; ತೊಲೆಗಳ ನಡುವೆ ಆಚೆಗೆರಡು ಈಚೆಗೆರಡು ಇಂಚು ಖಾಲಿ. ಪ್ರತಿ ಮೆಟ್ಟಿಲಿನ ಮುಂದಿನ ಅಂಚನ್ನು ದುಂಡಗೆ ಮಾಡಿ, ಮೇಲೆ ಉದ್ದಕ್ಕೆ ಮೂರು ಸಣ್ಣ ಗೆರೆ ಕೊರೆಯಲಾಯಿತು. ಒದ್ದೆ ಬರಿಗಾಲಿಗೆ ಈ ಗೆರೆಗಳೇ ಹಿಡಿತ. ವಾರ್ನಿಷ್ ಮಾತ್ರ ಮೆಟ್ಟಿಲಿನ ಮೇಲ್ಮೈಗೆ ಹಚ್ಚಬೇಡಿ.

ಹಲಗೆ ಕತ್ತರಿಸುವ ದಿನ ಮೊದಲು ಮೇನ್ ಸ್ವಿಚ್ ಇಳಿಸಿದೆವು. ಹಳೆಯ ಮನೆಗಳ ವಿದ್ಯುತ್ ತಂತಿಗಳು ಅಟ್ಟದ ಹಲಗೆಯ ಮೇಲೆಯೇ ಹರಿದಾಡಿರುತ್ತವೆ, ಇಲಿ ಕಡಿದು ತಾಮ್ರ ಬಯಲಾಗಿರುತ್ತದೆ. ಮೂಗಿಗೆ ಬಟ್ಟೆ ಸಾಲದು, ಸರಿಯಾದ ಮಾಸ್ಕ್ ಬೇಕು, ಕೈಗವಸೂ ಬೇಕು. ಇಲಿ ಹಿಕ್ಕೆ, ಬಾವಲಿ ಹಿಕ್ಕೆ, ಮಸಿ ಎಲ್ಲ ಕಲೆತ ಧೂಳು ಅದು. ಗುಡಿಸುವ ಮೊದಲು ಬ್ಲೀಚಿಂಗ್ ನೀರು ಚಿಮುಕಿಸಿ ಒದ್ದೆ ಮಾಡಿಕೊಂಡರೆ ಧೂಳು ಏಳುವುದಿಲ್ಲ. ನಮ್ಮಲ್ಲಿ ಪುನುಗು ಬೆಕ್ಕೂ ಬಂದು ಹೋಗುತ್ತಿದ್ದ ಗುರುತಿತ್ತು: ಕಾಫಿ ಬೀಜ ಸೇರಿಕೊಂಡ ಹಿಕ್ಕೆ. ಅದು ನುಗ್ಗುತ್ತಿದ್ದ ಸೂರಿನ ಸಂದಿಗೆ ಬಲೆ ಹೊಡೆದೆವು, ಮೊದಲು ಅದು ಒಳಗಿಲ್ಲ ಎಂದು ಖಾತ್ರಿ ಮಾಡಿಕೊಂಡು.

ಕಿಂಡಿಯ ಉದ್ದ ಮೂರೂವರೆ ಅಡಿ. ಅದು ಸಾಕೇ ಎಂದು ಕೇಳಬಹುದು. ಈ ಓರೆಯಲ್ಲಿ ಕೀಲಿನಿಂದ 42 ಇಂಚು ದೂರಕ್ಕೆ ಏಣಿ 84 ಇಂಚು ಕೆಳಗಿರುತ್ತದೆ. ಕಿಂಡಿಯ ಆಚೆಯ ಅಂಚಿಗೂ ಮೆಟ್ಟಿಲಿಗೂ ನಡುವೆ ಏಳು ಅಡಿ ಸಿಗುತ್ತದೆ, ತಲೆ ತಾಗುವುದಿಲ್ಲ. ಕತ್ತರಿಸಿ ತೆಗೆದ ಹಲಗೆಗಳಿಂದಲೇ ಮುಚ್ಚಳ ಮಾಡಿದ್ದರಿಂದ ಕೆಳಗಿನಿಂದ ನೋಡಿದರೆ ಮುಚ್ಚಿಗೆಯ ಸಾಲು ಕೆಟ್ಟಿಲ್ಲ. ಮುಚ್ಚಳ ಎರಡು ಎಸಳು. ಒಂದೇ ಮಾಡಿದ್ದರೆ ಹತ್ತು ಕಿಲೋಗೆ ಹತ್ತಿರವಿರುತ್ತಿತ್ತು. ಏಣಿಯ ಮೇಲೆ ನಿಂತು ಅಷ್ಟನ್ನು ತಲೆಯ ಮೇಲಕ್ಕೆ ಎತ್ತುವುದು ಅಮ್ಮನಿಗೆ ಆಗದು.

ಇನ್ನು ಕೀಲು. ಒಂದಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಎರಡೂ ತೊಲೆಗಳ ತೂತಿನ ಮೂಲಕ, ಏಣಿಯ ಕಾಲುಗಳ ತಲೆಯಲ್ಲಿ ಹಾಯಿಸಿದ್ದೇವೆ. ತೊಲೆಗೆ ತೂತು ಎಂದರೆ ಹೆದರುವವರಿದ್ದಾರೆ, ಹೆದರಿಕೆ ಸರಿಯಾದದ್ದೇ. ಭಾರ ಬಿದ್ದಾಗ ತೊಲೆಯ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಂಚು ಹಿಗ್ಗುತ್ತದೆ, ನಡುವೆ ಇವೆರಡೂ ಕಡಿಮೆ. ತೂತನ್ನು ನಡು ಎತ್ತರದಲ್ಲಿ ಹಾಕಿ, ಅದರ ಅಗಲ ತೊಲೆಯ ಎತ್ತರದ ಮೂರನೇ ಒಂದಕ್ಕಿಂತ ಕಡಿಮೆ ಇಟ್ಟು, ಮೇಲೆ ಕೆಳಗೆ ಎರಡೆರಡು ಇಂಚು ಮರ ಉಳಿಸಿದರೆ ಬಲ ಅಷ್ಟಾಗಿ ಕುಂದುವುದಿಲ್ಲ. ನಮ್ಮ ತೂತು ಒಂದಿಂಚು ಮೂರು ನೂಲು. ಗೋಡೆಯ ಆಧಾರಕ್ಕೂ ಹತ್ತಿರ. ಕೆಳಂಚಿನಲ್ಲಿ ಕಚ್ಚು ಹಾಕಿ ಪೈಪ್ ಕೂರಿಸುವ ಸುಲಭದ ದಾರಿಯನ್ನು ಮಾತ್ರ ಯಾರೂ ಹಿಡಿಯಬಾರದು.

ಎದುರು ತೂಕದ ಲೆಕ್ಕಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ಸಿದ್ಧವಾದ ಏಣಿಯನ್ನು ಕಾಫಿ ಚೀಲ ತೂಗುವ ತಕ್ಕಡಿಗೆ ಹಾಕಿದಾಗ 32 ಕಿಲೋ ಬಂತು. ಒಂದು ತುದಿ ಕೀಲಿನಲ್ಲಿರುವುದರಿಂದ, ಅಡ್ಡ ಮಲಗಿದಾಗ ಇನ್ನೊಂದು ತುದಿಯಲ್ಲಿ ಹೊರಬೇಕಾದದ್ದು ಅದರ ಅರ್ಧ, 16 ಕಿಲೋ. ಇಳಿಸಿದ ಓರೆಯಲ್ಲಿ ಭಾರದ ಹೆಚ್ಚಿನ ಪಾಲು ಕೀಲಿಗೂ ನೆಲಕ್ಕೂ ನೇರವಾಗಿ ಇಳಿಯುವುದರಿಂದ ಎತ್ತಲು ಬೇಕಾದ ಬಲ ಅದಕ್ಕಿಂತ ಬಹಳ ಕಡಿಮೆ. ಇಲ್ಲೇ ಇರುವುದು ತೊಡಕು. ಅಡ್ಡ ಮಲಗಿದ ಸ್ಥಿತಿಗೆ ಸರಿಸಮನಾಗಿ ತೂಕ ಕಟ್ಟಿದರೆ, ಇಳಿಸಿದ ಏಣಿ ಕಾಲ ಕೆಳಗೆ ನಿಲ್ಲದೆ ತಾನಾಗಿ ಮೇಲೇಳುತ್ತದೆ. ಹತ್ತುವವರ ಪ್ರಾಣಕ್ಕೇ ಅಪಾಯ. ತೂಕ ಯಾವಾಗಲೂ ಇಳಿಸಿದ ಸ್ಥಿತಿಗೆ ಬೇಕಾದುದಕ್ಕಿಂತ ಕಡಿಮೆ ಇರಬೇಕು.

ಹಗ್ಗವನ್ನು ಏಣಿಯ ತುದಿಗೆ ಕಟ್ಟಿದರೆ ತೂಕದ ಪೆಟ್ಟಿಗೆ ಹತ್ತಡಿಗೂ ಹೆಚ್ಚು ಇಳಿಯಬೇಕಾಗುತ್ತದೆ, ಕೋಣೆಯಲ್ಲಿ ಅಷ್ಟು ಎತ್ತರವೇ ಇಲ್ಲ. ಕೀಲಿನಿಂದ 6 ಅಡಿಗೆ ಕಟ್ಟಿದರೆ ಪೆಟ್ಟಿಗೆಯ ಓಡಾಟ 6 ಅಡಿ 4 ಇಂಚಿಗೆ ನಿಲ್ಲುತ್ತದೆ. ಆ ಜಾಗದಲ್ಲಿ ಕಟ್ಟಿದಾಗ, ಅಡ್ಡ ಮಲಗಿದ ಏಣಿಯನ್ನು ಹಿಡಿಯಲು 27 ಕಿಲೋ ಬೇಕು. ಇಳಿಸಿದ ಓರೆಯಲ್ಲಿ 14 ಕಿಲೋ ಸಾಕು. ಹಾಗಾಗಿ ಪೆಟ್ಟಿಗೆ ಸೇರಿ 13 ಕಿಲೋ ಎಂದು ಗೊತ್ತು ಮಾಡಿದೆ. ತೂಕಕ್ಕೆ ಏನು ಹಾಕುವುದೆಂದು ಹುಡುಕಬೇಕಾಗಲಿಲ್ಲ. ಮೆಣಸು, ಏಲಕ್ಕಿ ತೂಗುತ್ತಿದ್ದ ಎರಕದ ಕಬ್ಬಿಣದ ತೂಕದ ಕಲ್ಲುಗಳು ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಮೂಲೆ ಸೇರಿದ್ದವು: ಐದು ಕಿಲೋದವು ಎರಡು, ಎರಡು ಕಿಲೋದ್ದು ಒಂದು. ಹಲಗೆಯ ಪೆಟ್ಟಿಗೆ ಒಂದು ಕಿಲೋ. ಲೆಕ್ಕ ಸರಿಹೋಯಿತು, ತೂಕದ ಮೇಲೆ ಅನುಮಾನವೂ ಇಲ್ಲ.

ಹಗ್ಗ 10 ಮಿಲಿಮೀಟರ್ ನೈಲಾನ್. ತೆಂಗಿನ ನಾರಿನದು ಈ ತೇವದಲ್ಲಿ ಒಳಗೊಳಗೇ ಕೊಳೆಯುತ್ತದೆ. ಏಣಿಯ ಕಾಲಿನ ಹೊರಬದಿಯ ಕೊಂಡಿಯಿಂದ ಹೊರಟು, ತೊಲೆಗೆ ಬಿಗಿದ ರಾಟೆಯ ಮೇಲೆ ಹಾಯ್ದು, ಆ ಎರಡಿಂಚಿನ ಸಂದಿನಲ್ಲೇ ಹೊರಗೋಡೆಯವರೆಗೆ ಹೋಗಿ, ಇನ್ನೊಂದು ರಾಟೆ ದಾಟಿ ಪೆಟ್ಟಿಗೆಗೆ ಇಳಿಯುತ್ತದೆ. ಪೆಟ್ಟಿಗೆ ಓಡುವ ಜಾಗಕ್ಕೆ ಮೂರೂ ಬದಿ ಹಲಗೆ ಹೊಡೆದು ಮುಚ್ಚಿದ್ದೇವೆ, ನೆಲದಿಂದ ಮುಚ್ಚಿಗೆಯವರೆಗೆ. ಹಗ್ಗ ಕಡಿದರೆ 13 ಕಿಲೋ ಕಬ್ಬಿಣ ಬೀಳುವ ಜಾಗ ಅದು. ಮಕ್ಕಳ ಕೈ ಅಲ್ಲಿಗೆ ಹೋಗುವಂತಿರಬಾರದು. ಉಳಿದ ಎತ್ತುವ ಕೆಲಸಕ್ಕೆ ಏಣಿಯ ಕೆಳತುದಿಗೆ ಕಟ್ಟಿದ ಸಣ್ಣ ಹಗ್ಗವೊಂದಿದೆ. ಆರಂಭದಲ್ಲಿ ಬೆರಳಲ್ಲಿ ಎಳೆದಷ್ಟೇ ಸಾಕು, ಕೊನೆಗೆ ಎಂಟು ಕಿಲೋದಷ್ಟು ಎಳೆತ. ಬಾವಿಯಿಂದ ಕೊಡ ಸೇದಿದ ಅಮ್ಮನಿಗೆ ಇದು ಏನೂ ಅಲ್ಲ. ಮೇಲೆ ಹೋದ ಏಣಿಯನ್ನು ಎರಡು ಅಗುಳಿಗಳು ಹಿಡಿಯುತ್ತವೆ, ಒಂದೊಂದು ತೊಲೆಗೆ ಒಂದೊಂದು. ಎರಡರಲ್ಲಿ ಒಂದು ಹಾಕಲು ಮರೆತರೂ ಇನ್ನೊಂದು ಇರಲಿ ಎಂದು.

ಕೆಳಗೆ ರೆಡ್ ಆಕ್ಸೈಡ್ ನೆಲ, ಮಳೆಗಾಲದಲ್ಲಿ ಬೆವರುತ್ತದೆ. ಏಣಿಯ ಪಾದಗಳನ್ನು ನೆಲಕ್ಕೆ ಸಮನಾಗಿ ಕತ್ತರಿಸಿ ಹಳೆಯ ಟೈರಿನ ರಬ್ಬರ್ ಹೊಡೆದಿದ್ದೇವೆ. ಬಲಗಡೆ ಹಿಡಿಕೆ ಇದೆ. ಅಟ್ಟದಲ್ಲಿ ಕಿಂಡಿಯ ಮೂರು ಬದಿಗೆ ಮೂರಡಿ ಎತ್ತರದ ಕಟಕಟೆ, ಹಲಗೆಯ ಅಂಚಿಗೆ ಮೂರಿಂಚಿನ ಪಟ್ಟಿ. ಅಟ್ಟದ ಅಪಘಾತಗಳು ಹತ್ತುವಾಗ ಆಗುವುದಕ್ಕಿಂತ, ಮೇಲೆ ಓಡಾಡುವಾಗ ಕಿಂಡಿ ಇರುವುದು ಮರೆತು ಹಿಂದಕ್ಕೆ ಹೆಜ್ಜೆ ಇಟ್ಟಾಗ ಆಗುವ ಭಯವೇ ನನಗೆ ಹೆಚ್ಚು. ಕಟಕಟೆ ಇಲ್ಲದ ಕಿಂಡಿಯನ್ನು ಮುಗಿದ ಕೆಲಸ ಎಂದು ನಾನು ಎಣಿಸುವುದಿಲ್ಲ. ದೀಪದ ಸ್ವಿಚ್ಚು ಕೆಳಗೂ ಇದೆ, ಮೇಲೂ ಇದೆ.

"ಮೊದಲು ಬೆಳಕು ಬಿಡು ಮಗ, ಆಮೇಲೆ ಏಣಿ ಹತ್ತೋಣ" ಎಂದು ಅಮ್ಮ ಶುರುವಿನಲ್ಲೇ ಹೇಳಿದ್ದರು. ಅವರ ಮಾತಿನಂತೆ ಮೂರು ಕಡೆ ಗಾಜಿನ ಹಂಚು ಹಾಕಿದೆವು. ಹಗಲು ದೀಪ ಬೇಡವಾಯಿತು, ಅದಕ್ಕಿಂತ ದೊಡ್ಡ ಲಾಭ ಬೇರೆ: ಓರೆಯಾಗಿ ಬೀಳುವ ಆ ಬೆಳಕಿನಲ್ಲಿ ರೀಪಿನ ಮೇಲಿನ ನೀರಿನ ಗುರುತುಗಳು ಎದ್ದು ಕಾಣುತ್ತವೆ. ಉತ್ತರದ ಮೂಲೆಯಲ್ಲಿ ನಾವು ಊಹಿಸದೇ ಇದ್ದ ಹಳೆಯ ಸೋರಿಕೆಯೊಂದು ಹಾಗೆಯೇ ಸಿಕ್ಕಿತು. ಮಂಗಗಳು ಓಡಾಡಿ ಒಡೆದ ಹಂಚು ಅದು. ರೀಪು ಮೆತ್ತಗಾಗಿತ್ತು, ಪಕಾಸು ಇನ್ನೂ ಗಟ್ಟಿ ಇತ್ತು. ಇನ್ನೊಂದು ಮಳೆಗಾಲ ಕಳೆದಿದ್ದರೆ ಪಕಾಸನ್ನೂ ಬದಲಿಸಬೇಕಾಗುತ್ತಿತ್ತು.

ಮಂಗಳೂರು ಹಂಚಿನ ಒಂದು ಗುಣವನ್ನು ಇಲ್ಲಿ ಹೇಳಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಮಾಡತೊಡಗಿದ ಈ ಹಂಚು ಅಕ್ಕಪಕ್ಕದ ಹಂಚಿನ ತೋಡಿನಲ್ಲಿ ಕೂತು, ಹಿಂಬದಿಯ ಗುಬುಟಿನಿಂದ ರೀಪಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಮೊಳೆ ಇಲ್ಲ, ಗಾರೆ ಇಲ್ಲ. ಜಾರಿದ ಹಂಚನ್ನು ಅಟ್ಟದಲ್ಲಿ ನಿಂತು ಅಂಗೈಯಿಂದ ಮೇಲಕ್ಕೆ ಒತ್ತಿ ಮತ್ತೆ ರೀಪಿಗೆ ಸಿಕ್ಕಿಸಬಹುದು. ಗುಬುಟು ಮುರಿದಿದ್ದರೆ ಮೇಲಿನ ಸಾಲಿನ ಹಂಚನ್ನು ತುಸು ಎತ್ತಿ, ಮುರಿದದ್ದನ್ನು ಒಳಕ್ಕೆ ಎಳೆದುಕೊಂಡು, ಹೊಸದನ್ನು ಅದೇ ದಾರಿಯಲ್ಲಿ ತಳ್ಳಬಹುದು. ಪಾಚಿ ಕಟ್ಟಿದ ಮಾಡಿನ ಮೇಲೆ ಮಳೆಯಲ್ಲಿ ಯಾರೂ ಹತ್ತಬೇಕಾಗಿಲ್ಲ. ಹತ್ತಿದರೆ ಒಂದು ಹಂಚು ಸರಿಮಾಡಲು ಹೋಗಿ ನಾಲ್ಕು ಒಡೆಯುವುದೂ ಉಂಟು. ಒಂದು ಡಜನ್ ಹಂಚನ್ನು ಕಟಕಟೆಯ ಪಕ್ಕದಲ್ಲೇ ಜೋಡಿಸಿಟ್ಟಿದ್ದೇವೆ.

ಅಡುಗೆಮನೆಯ ಮೇಲಿನ ಅಟ್ಟದ ವಿಷಯ ಬೇರೆಯೇ. ಒಲೆ ಉರಿಯುತ್ತಿದ್ದಷ್ಟು ಕಾಲ ಅಲ್ಲಿ ಹೊಗೆ ಆಡುತ್ತಿತ್ತು. ಬಿತ್ತನೆಯ ಬೀಜ, ಹಲಸಿನ ಬೀಜ, ಒಣಮಾಂಸ, ಬುಟ್ಟಿ, ಮೊರ ಎಲ್ಲವೂ ಅಲ್ಲೇ, ಹುಳು ತಾಗುತ್ತಿರಲಿಲ್ಲ. ಮರಕ್ಕೂ ಅದೇ ರಕ್ಷಣೆ. ಗ್ಯಾಸ್ ಬಂದ ಮೇಲೆ ಹೊಗೆ ನಿಂತಿತು, ಬಿದಿರಿನ ತಟ್ಟಿಯಿಂದ ಬಿಳಿ ಹುಡಿ ಉದುರತೊಡಗಿತು. ಬಹಳಷ್ಟು ಮನೆಗಳಲ್ಲಿ ಈ ನಂಟನ್ನು ಯಾರೂ ಗಮನಿಸಿದಂತಿಲ್ಲ. ಹೊಗೆಯ ಕೆಲಸವನ್ನು ಈಗ ನಾವು ಕೈಯಾರೆ ಮಾಡಬೇಕು. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ಡನ್ನು ಬಿಸಿನೀರಿನಲ್ಲಿ ಕರಗಿಸಿ ಒಣ ಮರಕ್ಕೆ ಧಾರಾಳವಾಗಿ ಹಚ್ಚಿದೆವು; ಮಳೆ ತಾಗದ ಒಳಗಿನ ಮರಕ್ಕೆ ಮಾತ್ರ ಅದು, ನೀರು ಬಿದ್ದರೆ ತೊಳೆದು ಹೋಗುತ್ತದೆ. ಸೂರಿನ ಕಡೆಯ, ಎರಚಲು ಬೀಳುವ ಮರಗಳಿಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ. ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟ ಗಾಯದಂತೆ ಏಳುತ್ತದೆ, ಕೈಗವಸು ಬಿಡಬಾರದು.

ತಾರಸಿ ಮನೆ ಕಟ್ಟಿ, ಸೋರುತ್ತದೆಂದು ಅದರ ಮೇಲೆ ಶೀಟಿನ ಮಾಡು ಹೊದಿಸಿಕೊಂಡವರು ಈಗ ಜಿಲ್ಲೆಯ ತುಂಬ ಇದ್ದಾರೆ. ಅವರಿಗೂ ಗೊತ್ತಿಲ್ಲದೆ ಒಂದು ಅಟ್ಟ ದಕ್ಕಿದೆ. ಹೊರಗಿನ ಕಬ್ಬಿಣದ ಏಣಿಯೇ ಅದಕ್ಕೆ ದಾರಿಯಾಗಿದ್ದರೆ ಮಳೆಗಾಲಕ್ಕೆ ಅದು ಇದ್ದೂ ಇಲ್ಲದಂತೆ. ಹೊಸದಾಗಿ ಕಟ್ಟಿಸುವವರು ಸ್ಲ್ಯಾಬ್ ಹಾಕುವಾಗಲೇ, ಕಂಬಿ ಕಟ್ಟುವ ಹಂತದಲ್ಲಿ, ಕಿಂಡಿಗೆ ಜಾಗ ಬಿಡಿಸಿಕೊಳ್ಳಲಿ. ಹಾಕಿ ಮುಗಿದ ಸ್ಲ್ಯಾಬನ್ನು ಒಡೆದು ಕಿಂಡಿ ಮಾಡುವುದೆಂದರೆ ಕಂಬಿಯನ್ನು ಕತ್ತರಿಸುವುದು. ಎಂಜಿನಿಯರನ್ನು ಕೇಳದೆ ಅದಕ್ಕೆ ಕೈ ಹಾಕಬಾರದು.

ನಮ್ಮ ಏಣಿ ಒಂದು ಪೂರ್ತಿ ಮಳೆಗಾಲವನ್ನು ಕಂಡಿದೆ. ಮುಚ್ಚಳದ ಎರಡು ನೂಲಿನ ಸಂದು ಆಗಸ್ಟ್ ಹೊತ್ತಿಗೆ ಅರ್ಧ ನೂಲಿಗೆ ಇಳಿಯಿತು, ಆದರೂ ಸಿಕ್ಕಿಕೊಳ್ಳಲಿಲ್ಲ. ಹಗ್ಗ ತುಸು ಹಿಗ್ಗಿತು, ಗಂಟು ಒಂದು ಗೇಣು ಮೇಲಕ್ಕೆ ಹಾಕಿದೆ. ಗಾಳಿಮಳೆಯ ರಾತ್ರಿ ಜಾರಿದ ಹಂಚುಗಳನ್ನು ಅಂದಂದೇ ಒತ್ತಿ ಕೂರಿಸಲು ಸಾಧ್ಯವಾಯಿತು. ಮೇ ತಿಂಗಳಲ್ಲಿ ಮಾಡಬೇಕಾದದ್ದು ಇಷ್ಟು: ರಾಟೆಗಳಿಗೆ ಗ್ರೀಸ್, ಹಗ್ಗ ರಾಟೆಯ ಮೇಲೆ ಹಾಯುವ ಜಾಗದಲ್ಲಿ ಎಳೆ ಕಿತ್ತಿದೆಯೇ ಎಂದು ನೋಡುವುದು, ಕೀಲಿನ ಪೈಪಿನ ಎರಡೂ ತುದಿಯ ಪಿನ್ನು ಅಲುಗಾಡಿಸಿ ನೋಡುವುದು, ಮೆಟ್ಟಿಲುಗಳ ಸ್ಕ್ರೂ ಬಿಗಿಮಾಡುವುದು. ಅಡುಗೆಮನೆಯ ಅಟ್ಟಕ್ಕೆ ಇನ್ನೂ ಕಿಂಡಿ ಆಗಿಲ್ಲ. ಅಲ್ಲಿ ತೊಲೆಗಳ ನಡುವೆ ಇರುವುದು 18 ಇಂಚು ಮಾತ್ರ, ಈ ಬಗೆಯ ಏಣಿ ಹಿಡಿಸುವುದಿಲ್ಲ. ನಡುಮನೆಯ ಅಟ್ಟದಿಂದಲೇ ನಡುಗೋಡೆಯ ಮೇಲೆ ಎರಡು ಹಲಗೆ ಹಾಸಿ ಆ ಕಡೆಗೆ ದಾಟುವ ದಾರಿ ಮಾಡಬಹುದೆಂದು ಆಚಾರರು ಹೇಳಿದ್ದಾರೆ. ಕೊಯ್ಲು ಮುಗಿದ ಮೇಲೆ ಅದರ ಅಳತೆ ಹಿಡಿಯುತ್ತೇವೆ.